ವಿಷಯ: ಸರ್ವರ್ ರೀಸ್ಟಾರ್ಟ್ ಮಾಡಲು ಅನುಮೋದನೆ ಕೋರಿ

ನಮ್ಮ ಕಚೇರಿಗಳ ಸರ್ವರ್ ಕೋಣೆಯಲ್ಲಿ ವರ್ಷ ತಪ್ಪದೆ ನಡೆಯುವ ನಿರ್ವಹಣಾ ಕಾರ್ಯವೆಂದರೆ ಆಯುಧಪೂಜೆ. ಅಂದು ರ್‍ಯಾಕಿನ ಬಾಗಿಲಿಗೆ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮವಿಟ್ಟು, ಬಿಸಿಗಾಳಿ ಹೊರಹೋಗುವ ಕಿಂಡಿಗೇ ಅಡ್ಡವಾಗಿ ಚೆಂಡುಹೂವಿನ ಹಾರ ಇಳಿಬಿಟ್ಟು, ಹೊಸ್ತಿಲಲ್ಲಿ ಬೂದುಗುಂಬಳಕಾಯಿ ಒಡೆಯುತ್ತಾರೆ. ಇದಕ್ಕೆ ಯಾರ ಅನುಮೋದನೆಯೂ ಬೇಕಿಲ್ಲ. ಅದೇ ಸರ್ವರಿನ ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯು ಪ್ರತಿ ತಿಂಗಳ ಎರಡನೇ ಮಂಗಳವಾರ ಹೊರತರುವ ಭದ್ರತಾ ಪ್ಯಾಚ್, ಅಂದರೆ ತಂತ್ರಾಂಶದ ತೂತು ಮುಚ್ಚುವ ತೇಪೆ, ಹಾಕಬೇಕೆಂದರೆ ಮಾತ್ರ ಕಡತ ತೆರೆಯಬೇಕಾಗುತ್ತದೆ; ಏಕೆಂದರೆ ಹಾಕಿದ ಮೇಲೆ ಸರ್ವರನ್ನು ರೀಸ್ಟಾರ್ಟ್ ಮಾಡಬೇಕು.

ಕಡತ ಬರೆಯುವವನು ಹೊರಗುತ್ತಿಗೆಯ ಮೇಲೆ ಬಂದಿರುವ ತಾಂತ್ರಿಕ ಸಹಾಯಕ. ಸಂಬಳ ಮೂರು ತಿಂಗಳಿಗೊಮ್ಮೆ ಬಂದರೂ ಪ್ಯಾಚ್ ತಿಂಗಳಿಗೊಮ್ಮೆ ಹಾಕಬೇಕೆಂದು ನಂಬಿರುವ ಅಮಾಯಕ. ಹತ್ತು ನಿಮಿಷದ ರೀಸ್ಟಾರ್ಟ್ ಸಾಕೆಂದು ಅವನು ವಿವರಿಸಿದಾಗ ಅಧೀಕ್ಷಕರು ಕನ್ನಡಕ ತೆಗೆದು ಕೇಳುತ್ತಾರೆ: "ನೋಡಪ್ಪ, ಆಫ್ ಆದ ಮೇಲೆ ಅದು ಮತ್ತೆ ಆನ್ ಆಗುತ್ತೆ ತಾನೆ?" ಅವನು "ಸಾಮಾನ್ಯವಾಗಿ ಆಗುತ್ತೆ, ಸರ್" ಎನ್ನುತ್ತಾನೆ. ಆ 'ಸಾಮಾನ್ಯವಾಗಿ'ಯ ಮೇಲೆ ಸಹಿ ಹಾಕಲು ಯಾವ ಅಧಿಕಾರಿಗೆ ತಾನೇ ಧೈರ್ಯ ಬಂದೀತು? ಕಡತವು 'ಚರ್ಚಿಸಿ' ಎಂಬ ಷರಾದೊಂದಿಗೆ ಮರಳುತ್ತದೆ. ಚರ್ಚಿಸಬೇಕಾದ ಸಭೆಯ ದಿನಾಂಕ ಗೊತ್ತಾಗುವಷ್ಟರಲ್ಲಿ ಮುಂದಿನ ಮಂಗಳವಾರ ಬಂದಿರುತ್ತದೆ.

ಇದನ್ನು ಸೋಮಾರಿತನವೆನ್ನುವವರಿಗೆ ಕಚೇರಿಯ ನೀತಿಶಾಸ್ತ್ರ ತಿಳಿದಿಲ್ಲ. ರೀಸ್ಟಾರ್ಟ್ ಮಾಡಿ ಸರ್ವರ್ ಏಳದಿದ್ದರೆ ಅದಕ್ಕೆ ಆದೇಶವಿದೆ, ಆದೇಶದ ಕೆಳಗೆ ಸಹಿಯಿದೆ, ಸಹಿ ಮಾಡಿದವರಿಗೆ ಮರುದಿನವೇ ನೋಟಿಸ್ ಇದೆ. ಪ್ಯಾಚ್ ಹಾಕದೆ ಬಿಟ್ಟದ್ದಕ್ಕೆ ಯಾರ ಸಹಿಯೂ ಇರುವುದಿಲ್ಲ. ಮಾಡದ ಕೆಲಸಕ್ಕೆ ನೋಟಿಸ್ ಕೊಡುವ ನಮೂನೆಯನ್ನು ಸರ್ಕಾರಿ ಮುದ್ರಣಾಲಯ ಇನ್ನೂ ಅಚ್ಚು ಹಾಕಿದಂತಿಲ್ಲ.

ಈ ವಿವೇಕ ನಮ್ಮದೊಂದೇ ಸ್ವತ್ತೆಂದು ಬೀಗುವಂತೆಯೂ ಇಲ್ಲ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್, ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ತೂತೊಂದನ್ನು ಮುಚ್ಚುವ ಪ್ಯಾಚ್ ಬಿಡುಗಡೆ ಮಾಡಿತು. ಅದನ್ನು ಹಾಕಿಕೊಳ್ಳಿರೆಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಸಂಸ್ಥೆಗಳಿಗೆ ಮಾರ್ಚ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಎಚ್ಚರಿಕೆ ಹೋಯಿತು. ಪ್ಯಾಚ್ ಬಂದು 59 ದಿನಗಳಾದ ಮೇಲೆ, ಮೇ 12ರಂದು, ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಆ ತೂತಿನಿಂದಲೇ ನುಗ್ಗಿತು. ಇಂಗ್ಲೆಂಡಿನ 236 ಆರೋಗ್ಯ ಟ್ರಸ್ಟ್‌ಗಳ ಪೈಕಿ ಸುಮಾರು ಮೂರನೇ ಒಂದು ಭಾಗದಲ್ಲಿ ಕೆಲಸ ಅಸ್ತವ್ಯಸ್ತವಾಯಿತು. ಅಂದಾಜು 19,000 ರೋಗಿಗಳ ಭೇಟಿಗಳು ರದ್ದಾದವು. ಸೋಂಕು ತಗುಲಿದಲ್ಲೆಲ್ಲ ಇದ್ದದ್ದು ಪ್ಯಾಚ್ ಹಾಕದ ಅಥವಾ ಬೆಂಬಲದ ಅವಧಿ ಮುಗಿದ ವಿಂಡೋಸ್ ಎಂದೂ, ದಾಳಿಯೇನೂ ಅಂಥ ಚಾಣಾಕ್ಷತನದ್ದಲ್ಲವೆಂದೂ ಅಲ್ಲಿನ ಲೆಕ್ಕಪರಿಶೋಧಕರು ಅದೇ ಅಕ್ಟೋಬರ್‌ನಲ್ಲಿ ವರದಿಯಲ್ಲಿ ಒಪ್ಪಿಸಿ, ಅದನ್ನು ಪ್ರಕಟಿಸಿಯೂ ಬಿಟ್ಟರು. ನಾವು ಎಂದೂ ಮಾಡಲಾರದ ತಪ್ಪೆಂದರೆ ಇದೊಂದೇ.

ನಮ್ಮಲ್ಲಿ ಅಪ್‌ಡೇಟ್ ಆಗುವುದೇ ಇಲ್ಲವೆಂದರೆ ಅಪಚಾರವಾದೀತು. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಇರುವ ಸರ್ವರುಗಳಲ್ಲಿ ಆಗುತ್ತದೆ, ವರದಿಯ ಮಟ್ಟಿಗೆ. ಅದರ ತಿರುಳಾದ ಕರ್ನಲ್ಲಿನ ಹೊಸ ಆವೃತ್ತಿ ಡಿಸ್ಕಿಗೆ ಇಳಿದಿರುತ್ತದೆ. ಪರಿಶೀಲನೆಗೆ ಬಂದವರು ಪ್ಯಾಕೇಜುಗಳ ಪಟ್ಟಿ ನೋಡಿ ಸರಿ ಗುರುತು ಹಾಕಿಕೊಂಡು, ಕಾಫಿ ಕುಡಿದು ಹೊರಡುತ್ತಾರೆ. ರೀಸ್ಟಾರ್ಟ್ ಆಗುವವರೆಗೆ ಓಡುತ್ತಿರುವುದು ಹಳೆಯ ಕರ್ನಲ್ಲೇ ಎಂಬ ಗುಟ್ಟು 'ಅಪ್‌ಟೈಮ್' ಎಂದು ಟೈಪ್ ಮಾಡಿ, ಸರ್ವರ್ ನಿಲ್ಲದೆ ಓಡಿದ ಅವಧಿ ನೋಡಿದವರಿಗಷ್ಟೇ ತಿಳಿಯುತ್ತದೆ. ಅಲ್ಲಿ 900 ದಿನವೆಂದು ಕಂಡರೆ ಯಾರಿಗೂ ನಾಚಿಕೆಯಾಗುವುದಿಲ್ಲ. ಅದನ್ನು ಸಾಧನೆಯೆಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಓದಲಾಗುತ್ತದೆ.

ಪಕ್ಕದ ಸರ್ವರಿನಲ್ಲಿ ಸೆಂಟ್‌ಒಎಸ್ 7 ಎಂಬ ಹಳೆಯ ಲಿನಕ್ಸ್ ಆವೃತ್ತಿ ಇದೆ. ಅದರ ಆಯುಷ್ಯ 2024ರ ಜೂನ್ 30ಕ್ಕೇ ಮುಗಿದದ್ದರಿಂದ ಈಗ ಅಪ್‌ಡೇಟ್ ಕೇಳಿದರೆ, ಪ್ಯಾಕೇಜುಗಳನ್ನು ಎಲ್ಲಿಂದ ತರಬೇಕೆಂದು ಹೇಳುತ್ತಿದ್ದ ವಿಳಾಸವೇ ಸಿಗುತ್ತಿಲ್ಲವೆಂಬ ಉತ್ತರ ಬರುತ್ತದೆ. ಕಚೇರಿಯ ಟಿಪ್ಪಣಿಯಲ್ಲಿ ಇದು 'ಬಾಕಿ ಅಪ್‌ಡೇಟ್‌ಗಳು: ಶೂನ್ಯ' ಎಂದು ನಮೂದಾಗಿದೆ.

ಒಂದು ಬೆಳಿಗ್ಗೆ ಪರದೆಯ ಮೇಲೆ ಬಿಟ್‌ಕಾಯಿನ್ ಕೇಳುವ ಚೀಟಿ ಕಾಣಿಸಿಕೊಂಡಾಗ ಮಾತ್ರ ಕಚೇರಿಯ ನಿಜವಾದ ವೇಗ ಬೆಳಕಿಗೆ ಬರುತ್ತದೆ. ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. ರೀಸ್ಟಾರ್ಟ್ ಕಡತ ಆರು ತಿಂಗಳಾದರೂ ಮೇಜು ದಾಟದ ಕಚೇರಿಯು ಐದೂವರೆ ಗಂಟೆಯನ್ನು 'ಗಮನಕ್ಕೆ ಬರುವುದು' ಎಂದರೇನೆಂಬ ಚರ್ಚೆಯಲ್ಲಿ ಕಳೆಯುತ್ತದೆ. ಸಂಜೆಯ ಪತ್ರಿಕಾ ಪ್ರಕಟಣೆಯಲ್ಲಿ ದಾಳಿಯು ಅತ್ಯಾಧುನಿಕವಾಗಿಯೂ ವಿದೇಶಿಯಾಗಿಯೂ ಇರುತ್ತದೆ. ಹೊರಗುತ್ತಿಗೆಯ ಸಹಾಯಕನ ಒಪ್ಪಂದ ರದ್ದಾಗುತ್ತದೆ. ತುರ್ತು ಟೆಂಡರ್ ಕರೆದು, ಜಾಲದ ಬಾಗಿಲು ಕಾಯುವ ದುಬಾರಿ ಫೈರ್‌ವಾಲ್ ತರಿಸಿ, ಟೇಪು ಕತ್ತರಿಸಿ ಉದ್ಘಾಟಿಸಲಾಗುತ್ತದೆ. ಫೈರ್‌ವಾಲ್‌ಗೂ ಆಗಾಗ ಅಪ್‌ಡೇಟ್ ಹಾಕಬೇಕು, ಹಾಕಿದ ಮೇಲೆ ರೀಸ್ಟಾರ್ಟ್ ಮಾಡಬೇಕು ಎಂದು ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಕೈಪಿಡಿಯನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಮೊಹರು ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ.