ಸಿನಿಮಾ ಮುಗಿಯಲ್ಲ, ಹಾಡು ಶುರುವಾಗಲ್ಲ

ಮೊನ್ನೆ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಮಂಡ್ಯದಿಂದ ಮೈಸೂರಿಗೆ ಹೋಗಿದ್ದೆ. ಹುಟ್ಟಿದಹಬ್ಬಕ್ಕೆ ಏನು ಬೇಕೋ ಅಂದರೆ ಸೂಪರ್‌ಹೀರೋ ಸಿನಿಮಾ, ಅದೂ ಮಾಲ್‌ನಲ್ಲೇ, ಅದೂ ತ್ರೀಡಿಯಲ್ಲೇ ಅಂದ. ಅವ್ವ ಮನೆಯಲ್ಲಿ ಒಬ್ಬಳೇ ಆಗುತ್ತಾಳಲ್ಲ ಅಂತ ಅವಳನ್ನೂ ಹೊರಡಿಸಿದೆ. ಬಸ್ಸಲ್ಲಿ ಅವಳಿಗೆ ಫ್ರೀ. ಆ ದಿನ ನನಗೆ ಉಳಿದ ದುಡ್ಡು ಅದೊಂದೇ.

ಟಿಕೆಟ್ ತಲಾ 310 ರೂಪಾಯಿ. ಕನ್ನಡಕಕ್ಕೆ ಬೇರೆ 30, ಅದನ್ನೂ ಹೊರಗೆ ಬರುವಾಗ ಕಿತ್ತುಕೊಳ್ಳುತ್ತಾರೆ. 2025ರ ಬಜೆಟ್‌ನಲ್ಲಿ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಹೇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಸೆಪ್ಟೆಂಬರ್‌ನಲ್ಲಿ ನಿಯಮ ಬಂತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಖುಷಿ ಅಲ್ಲಿಗೆ ಮುಗಿಯಿತು. ಪಾಪ್‌ಕಾರ್ನ್ ವಿಷಯ ಬೇಡ ಬಿಡಿ, ಹೇಳಿದರೆ ಬಿಪಿ ಏರುತ್ತದೆ.

ಕನ್ನಡ ಶೋ ಇದೆಯಾ ಅಂತ ಕೌಂಟರ್‌ನಲ್ಲಿ ಕೇಳಿದೆ. ಆ ಹುಡುಗ ನನ್ನ ಮುಖವನ್ನೇ ನೋಡಿದ. ಇಂಗ್ಲಿಷ್ ಇದೆ, ಹಿಂದಿ ಇದೆ, ತೆಲುಗು ಬೇಕಾದರೆ ಸಂಜೆ ಇದೆ ಅಂದ. ಮೈಸೂರಲ್ಲಿ ನಿಂತು ಈ ಮಾತು ಕೇಳಬೇಕಾ? ಡಬ್ಬಿಂಗ್ ಬೇಡ ಅಂತ ನಮ್ಮವರೇ ಎಷ್ಟೋ ದಶಕ ತಡೆದರು, ಅವರಿಗೆ ಅವರ ಕಾರಣ ಇತ್ತು, ಇರಲಿ. 2015ರಲ್ಲಿ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಮಾಡೋರನ್ನು ವಿಚಾರಿಸೋ ಕೇಂದ್ರದ ಕಾಂಪಿಟಿಷನ್ ಕಮಿಷನ್ನು ಹಾಗೆಲ್ಲ ಗುಂಪು ಕಟ್ಟಿಕೊಂಡು ತಡೆಯೋ ಹಾಗಿಲ್ಲ ಅಂತ ಹೇಳಿ ಆಯಿತು. 2022ರಲ್ಲಿ ಅವತಾರ್ ಎರಡನೇ ಭಾಗ ಕನ್ನಡದಲ್ಲಿ ಬಂತು, 2023ರಲ್ಲಿ ಸ್ಪೈಡರ್‌ಮ್ಯಾನ್ ಕಾರ್ಟೂನ್ ಸಿನಿಮಾ ಕೂಡ ಬಂತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ ಅಂತಾಯಿತಲ್ಲ!

ಸರಿ, ಒಳಗೆ ಕೂತೆವು. ಹತ್ತು ನಿಮಿಷಕ್ಕೆ ಒಬ್ಬ ಗೋಡೆ ಒಡೆದುಕೊಂಡು ಬಂದ. ಥಿಯೇಟರಲ್ಲಿ ಶಿಳ್ಳೆಯೋ ಶಿಳ್ಳೆ. ಯಾರೋ ಇವನು ಅಂದೆ. 'ಅವ್ನು ಸೀರೀಸಲ್ಲಿ ಬರ್ತಾನೆ ಮಾವ, ನೀನು ನೋಡಿಲ್ಲ' ಅಂದ ನಮ್ಮ ಹುಡುಗ. ಇನ್ನೊಬ್ಬಳು ಬಂದಳು. ಅವಳು ಮೂರು ಸಿನಿಮಾ ಹಿಂದೆ ಸತ್ತಿದ್ದಳಂತೆ, ಇವಳು ಬೇರೆ ಲೋಕದವಳಂತೆ. 2008ರಲ್ಲಿ ಐರನ್ ಮ್ಯಾನ್ ಬಂದಾಗ ನಾನೂ ಬಾಯಿ ಬಿಟ್ಟುಕೊಂಡು ನೋಡಿದವನೇ. ಅದೂ ಸೇರಿ 2019 ಮುಗಿಯೋದರೊಳಗೆ ಅದೇ ಸರಣಿಯಲ್ಲಿ 23 ಸಿನಿಮಾ ಮಾಡಿದರು. ಅದಾದ ಮೇಲಿನದಕ್ಕೆ ನಾನು ಲೆಕ್ಕ ಇಟ್ಟಿಲ್ಲ. ಇವರ ಒಂದು ಸಿನಿಮಾ ಅರ್ಥ ಆಗಬೇಕಾದರೆ ಹಿಂದಿನ ಇಪ್ಪತ್ತು ಓದಿಕೊಂಡು ಹೋಗಬೇಕು ಅಂದರೆ ನಾನೇನು ಸಿನಿಮಾಕ್ಕೆ ಬಂದಿದ್ದೀನಾ, ಸಪ್ಲಿಮೆಂಟರಿ ಪರೀಕ್ಷೆಗೆ ಬಂದಿದ್ದೀನಾ?

ಅವ್ವ ಅರ್ಧ ಗಂಟೆ ಸುಮ್ನೆ ಕೂತಿದ್ದಳು. ಆಮೇಲೆ ಕಿವಿ ಹತ್ತಿರ ಬಂದು ಕೇಳಿದಳು: 'ಇವ್ರಲ್ಲಿ ದುರ್ಯೋಧನ ಯಾರ್ಲಾ?'

ಗೊತ್ತಿದ್ದರಲ್ಲವಾ ಹೇಳೋದು. ಕೆಟ್ಟವನು ಅಂದುಕೊಂಡವನು ಒಳ್ಳೆಯವನಾಗಿದ್ದ, ಒಳ್ಳೆಯವನ ಜೊತೆ ಹೊಡೆದಾಡುತ್ತಾನೂ ಇದ್ದ.

ಕೊನೆಗೊಂದು ದೊಡ್ಡ ಹೊಡೆದಾಟ ಆಗಿ, ಊರೆಲ್ಲ ಪುಡಿಯಾಗಿ, ಹೆಸರುಗಳು ಬರೋಕೆ ಶುರುವಾದವು. ಅವ್ವ ಚಪ್ಪಲಿ ಹುಡುಕಿಕೊಂಡು ಎದ್ದಳು. ಹುಡುಗ ಸೆರಗು ಹಿಡಿದು ಎಳೆದು ಕೂರಿಸಿದ. 'ಕುಂತ್ಕೋ ಅಜ್ಜಿ, ಇನ್ನೂ ಅದೆ.' ಯಾರೂ ಏಳಲಿಲ್ಲ. ಕಸ ಗುಡಿಸೋ ಹೆಂಗಸರು ಪೊರಕೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಾರೆ, ನಾವು ಅಮೆರಿಕದ ಯಾವ ಮೂಲೆಯಲ್ಲಿ ಯಾರು ಲೈಟು ಹಿಡಿದರು, ಯಾರು ಕಾರು ಓಡಿಸಿದರು ಅಂತ ಹತ್ತು ನಿಮಿಷ ಓದುತ್ತಾ ಕೂತಿದ್ದೇವೆ. ಆಮೇಲೆ ಬಂದದ್ದೇನು? ಒಬ್ಬ ಕತ್ತಲಲ್ಲಿ ತಿರುಗಿ ನೋಡಿ ನಕ್ಕ. ಅಷ್ಟೇ. ಹುಡುಗರೆಲ್ಲ ಕಿರುಚಿದರು. 310 ರೂಪಾಯಿ ಕೊಟ್ಟು ಎರಡೂವರೆ ಗಂಟೆ ನೋಡಿದ್ದು ಮುಂದಿನ ಸಿನಿಮಾದ ಜಾಹೀರಾತು.

ಅವ್ವ ಕೇಳಿದ್ದು ಸರಿಯಾಗೇ ಇತ್ತು ರೀ. ನಮ್ಮೂರ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರ ಮಾಡೋರೇ ಕೈಯಿಂದ ದುಡ್ಡು ಹಾಕುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸುತ್ತಾರೆ, ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಅಲ್ಲೂ ಎಲ್ಲರೂ ಸೂಪರ್‌ಹೀರೋಗಳೇ ಅಲ್ವಾ? ಒಬ್ಬನಿಗೆ ಗದೆ, ಒಬ್ಬನಿಗೆ ಗಾಂಡೀವ, ಒಬ್ಬನಿಗೆ ಹುಟ್ಟುವಾಗಲೇ ಕವಚ, ಒಬ್ಬನ ಬೆರಳಲ್ಲಿ ಚಕ್ರ. ಆದರೆ ಕೋಳಿ ಕೂಗೋ ಹೊತ್ತಿಗೆ ದುರ್ಯೋಧನನ ತೊಡೆ ಮುರಿದೇ ಮುರಿಯುತ್ತದೆ. ತೊಡೆ ಮುರಿಯೋದನ್ನು ನೋಡಬೇಕಾದರೆ ಬರೋ ವರ್ಷ ಪಕ್ಕದೂರಿಗೆ ಬನ್ನಿ ಅಂತ ಹೇಳಿ ನೋಡಲಿ, ಜನ ಶಾಮಿಯಾನದ ಗೂಟ ಕಿತ್ತುಕೊಂಡು ಬರುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆ. ವಾಪಸ್ ಬರುವಾಗ ಬಸ್ಸಲ್ಲಿ ನಮ್ಮ ಹುಡುಗ ಫೋನಲ್ಲಿ ಹಾಡು ಹಾಕಿದ. ಇಯರ್‌ಫೋನ್ ತಂದಿರಲಿಲ್ಲ. ಸಬರ್ಬನ್ ಬಸ್ ಸ್ಟ್ಯಾಂಡಿಂದ ಶ್ರೀರಂಗಪಟ್ಟಣ ಬರೋಷ್ಟರಲ್ಲಿ ಒಂದು ಮೂವತ್ತು ಹಾಡಾದರೂ ಕೇಳಿಸಿದ್ದಾನೆ, ಒಂದೂ ಪೂರ್ತಿ ಇಲ್ಲ. ಒಂದು ಸಾಲು, ಒಂದು ಡಬ್ ಡಬ್, ಮುಂದಿನದು. ಪೂರ್ತಿ ಹಾಕೋ ಅಂದರೆ 'ಇಷ್ಟೇ ಮಾವ ಚೆನ್ನಾಗಿರೋದು' ಅನ್ನುತ್ತಾನೆ. ಅವನದ್ದೂ ತಪ್ಪಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಿದ್ದ ಮೇಲೆ ಎರಡನೇ ಚರಣಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ರೀಲ್ಸ್‌ಗೆ ಒಂದು ಸಾಲು ಸಾಕು. ನಮ್ಮ ಮೈಸೂರಿನವರೇ ಆದ ರಾಜನ್–ನಾಗೇಂದ್ರ ಹಾಡಿನಲ್ಲಿ ಪಲ್ಲವಿ ಮುಗಿದು ಚರಣ ಬರೋ ಮುಂಚೆ ಪಿಟೀಲು, ಕೊಳಲು ಒಂದು ಸುತ್ತು ಹೋಗಿ ಬರುತ್ತಿದ್ದವು. ಎರಡು ಚರಣಕ್ಕೆ ಎರಡು ಬೇರೆ ಬೇರೆ ಸುತ್ತು. ಈಗಿನವರು ಅಷ್ಟರಲ್ಲಿ ಹಾಡನ್ನೇ ಮುಗಿಸಿರುತ್ತಾರೆ. ನಾಟಕದಲ್ಲೂ ಒನ್ಸ್‌ಮೋರ್ ಅಂದರೆ ಮೊದಲಿಂದ ಮತ್ತೆ ಹಾಡುತ್ತಾರೆ, ಇವರ ಹಾಗೆ ಒಂದೇ ಸಾಲನ್ನು ಹಿಡಿದು ಜಗ್ಗುವುದಿಲ್ಲ.

ಗಂಟಲಂತೂ ಎಲ್ಲರದೂ ಒಂದೇ. ಆಟೋಟ್ಯೂನ್ ಅಂತ ಒಂದು ಸಾಫ್ಟ್‌ವೇರ್ ಇದೆ, 1997ರಲ್ಲಿ ಬಂದದ್ದು. ಮಾಡಿದವನು ಅದಕ್ಕೂ ಮುಂಚೆ ಭೂಮಿಯೊಳಗೆ ಎಣ್ಣೆ ಎಲ್ಲಿದೆ ಅಂತ ಅಲೆ ಕಳಿಸಿ ಹುಡುಕೋ ಕೆಲಸದಲ್ಲಿದ್ದವನು. ಆ ಲೆಕ್ಕಾಚಾರವನ್ನೇ ತಂದು ಗಾಯಕರ ಗಂಟಲಿಗೆ ಹಾಕಿದ. ಅಪಸ್ವರ ಬಂದರೆ ತಿದ್ದಲಿ ಅಂತ ಮಾಡಿದ್ದು, ಈಗ ಸ್ವರ ಸರಿ ಇದ್ದರೂ ತಿದ್ದುತ್ತಾರೆ. ಡಬ್ಬದೊಳಗೆ ಕೂತು ಅಳುತ್ತಿರೋ ಹಾಗೆ ಕೇಳುತ್ತದೆ. ಹೊಸ ಹಾಡೇ ಬೇಡ ಅನ್ನೋನಲ್ಲ ನಾನು, ಒಳ್ಳೇದು ಬಂದರೆ ವಾರಗಟ್ಟಲೆ ಗುನುಗುತ್ತೇನೆ. ಗುನುಗೋಕಾದರೂ ನಾಲ್ಕು ಸಾಲು ಬೇಕಲ್ಲ?

ಬಸ್ಸಲ್ಲಿ ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. ಆ ಹಾಡು ನಿಲ್ಲಿಸೋ, ಏನು ಬೇಕಾದರೂ ಕೊಡುತ್ತೇನೆ ಅಂದೆ. ನಿಲ್ಲಿಸಿದ.

ಈಗ ಅಕ್ಕ ಫೋನ್ ಮಾಡಿ ಬೈದಳು. ಹುಡುಗ ಮುಂದಿನ ಸಿನಿಮಾಕ್ಕೆ ಮುಂಚೆ ನೋಡಬೇಕಾದದ್ದು ಅಂತ ಒಂದು ಪಟ್ಟಿ ಮಾಡಿ ಬೀರು ಬಾಗಿಲಿಗೆ ಅಂಟಿಸಿದ್ದಾನಂತೆ. ಒಂಬತ್ತು ಸಿನಿಮಾ, ಎರಡು ಸೀರೀಸ್. ಪರೀಕ್ಷೆಗೆ ಇನ್ನು ಮೂರು ವಾರ, ರಾತ್ರಿ ಎಲ್ಲ ಕೂತು ನೋಡುತ್ತಿದ್ದಾನೆ, ಯಾವ ಬೇವರ್ಸಿ ಇವನಿಗೆ ಪಾಸ್‌ವರ್ಡ್ ಕೊಟ್ಟನೋ ಅಂತ ಕೂಗಾಡಿದಳು. ನಾನು ಹೂಂ ಹೂಂ ಅಂದು ಫೋನ್ ಇಟ್ಟೆ.