ಬಾಗಿಲಲ್ಲಿ ನಿಂತವನ ಚಳಿ

ಬೆಳಗಿನ ಜಾವ 5.40. ಹೊರಗೆ ಇನ್ನೂ ಕತ್ತಲು. ಓಡಲು ಹೊರಟ ನಾನು ಒಂದು ತೋಳು ಜಾಕೆಟ್ಟಿನ ಒಳಗೆ, ಇನ್ನೊಂದು ತೋಳು ಹೊರಗೆ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದೇನೆ. ಶೂ ಹಾಕಿ ಲೇಸು ಕಟ್ಟಿ ಹತ್ತು ನಿಮಿಷವಾಯಿತು. ಅಲ್ಲಿಯವರೆಗೆ ಎಲ್ಲ ಸಲೀಸಾಗಿಯೇ ನಡೆದಿತ್ತು. ಜಾಕೆಟ್ ಬೇಕೋ ಬೇಡವೋ ಅನ್ನುವ ಜಾಗದಲ್ಲಿ ಗಾಡಿ ಹೂತುಕೊಂಡಿದೆ. ಹಾಕಿದೆ, ಜಿಪ್ ಎಳೆದೆ. ಜಾಸ್ತಿಯಾಯಿತು ಅನ್ನಿಸಿತು, ತೆಗೆದೆ. ತೆಗೆದ ಕೂಡಲೇ ಕತ್ತಿನ ಹಿಂದೆ ಸಣ್ಣ ನಡುಕ ಹತ್ತಿತು. ಮತ್ತೆ ಹಾಕಿದೆ.

“ರೀ, ಹೋಗೋದಾದ್ರೆ ಹೋಗಿ, ಇಲ್ಲಾಂದ್ರೆ ಬಂದು ಮಲಗಿ. ಆ ಜಿಪ್ ಮಾತ್ರ ಎಳೀಬೇಡಿ” ಎಂದು ಒಳಗಿನಿಂದ ದನಿ ಬಂತು.

ಹಗಲಲ್ಲಿ ಜಿಪ್ಪಿನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಈ ಹೊತ್ತಿನಲ್ಲಿ ಅದು ಗರಗಸದಲ್ಲಿ ಹಲಗೆ ಕೊಯ್ದ ಹಾಗೆ ಕೇಳುತ್ತದೆ. ನಾನು ಕೈ ತಡೆದು, ಫೋನು ತೆಗೆದು ನೋಡಿದೆ. 3 ಡಿಗ್ರಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮೈನಸ್ 1 ಅನಿಸುತ್ತದೆ ಎಂದು ಬರೆದಿತ್ತು.

ಚಳಿಯಲ್ಲಿ ಓಡುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಒಂದು ಸೂತ್ರವಿದೆ. ಹೊರಗೆ ಎಷ್ಟು ಡಿಗ್ರಿ ಇದೆಯೋ ಅದಕ್ಕೆ ಹತ್ತು ಕೂಡಿಸಿ, ಬಂದ ಲೆಕ್ಕಕ್ಕೆ ಬಟ್ಟೆ ಹಾಕು ಅಂತ. 3 ಇದ್ದರೆ 13 ಅಂದುಕೊಳ್ಳಬೇಕು. ಕಾರಣವೂ ಸರಿಯಾದದ್ದೇ. ಓಡುವ ಮೈ ಒಂದು ಒಲೆ. ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಕಾಲಿಗೆ ಸಿಗುವುದು ಹೆಚ್ಚೆಂದರೆ ಕಾಲು ಭಾಗ. ಮುಕ್ಕಾಲು ಭಾಗ ಸುಮ್ಮನೆ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಹೊರಡುವಾಗ ಸ್ವಲ್ಪ ಚಳಿಯಾಗಲೇಬೇಕು, ಬಾಗಿಲಲ್ಲೇ ಬೆಚ್ಚಗಿದ್ದೀರಿ ಅಂದರೆ ಬಟ್ಟೆ ಜಾಸ್ತಿಯಾಯಿತು ಅಂತ ಅರ್ಥ.

ಸೂತ್ರ ಹೇಳಿದವರಿಗೆ ನನ್ನ ನಮಸ್ಕಾರ. ಆದರೆ ಅವರು ಒಂದು ವಿಷಯ ಮರೆತರು. ಬಟ್ಟೆ ಹಾಕುವವನು ಒಬ್ಬ, ಓಡುವವನು ಇನ್ನೊಬ್ಬ. ಬಾಗಿಲಲ್ಲಿ ನಿಂತವನಿಗೆ ಈಗ, ಇಲ್ಲಿ, ಚಳಿಯಾಗುತ್ತಿದೆ. ಓಡುವವನು ಇನ್ನೂ ಹುಟ್ಟೇ ಇಲ್ಲ. ಎರಡನೇ ಕಿಲೋಮೀಟರಿನ ಆಸುಪಾಸಿನಲ್ಲಿ ಹುಟ್ಟುತ್ತಾನೆ. ಹುಟ್ಟಿದವನೇ ಬಾಗಿಲಲ್ಲಿದ್ದವನನ್ನು ಬೈಯಲು ಶುರು ಮಾಡುತ್ತಾನೆ. ಯಾವನೋ ಇದು ನನಗೆ ಇಷ್ಟೆಲ್ಲ ಸುತ್ತಿ ಕಳಿಸಿದ್ದು? ಮೂರನೆಯವನೂ ಒಬ್ಬನಿದ್ದಾನೆ, ಓಡಿ ಮುಗಿಸಿ ನಿಂತವನು. ಅವನ ಗತಿ ಯಾರಿಗೂ ಬೇಡ. ಒಲೆ ಆರಿದೆ, ಬಟ್ಟೆ ಒದ್ದೆ, ಮನೆ ಇನ್ನೂ ಅರ್ಧ ಕಿಲೋಮೀಟರ್ ದೂರ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅಂತಾರಲ್ಲ, ಅವನ ಬೆವರೂ ಹಾಗೆಯೇ. ಈ ಮೂವರಿಗೂ ಒಂದೇ ಜಾಕೆಟ್ ಹೊಂದಬೇಕಂತೆ.

ಇರಲಿ. ನನ್ನ ಸಿಟ್ಟು ಈಗ ಜಾಕೆಟ್ಟಿನ ಮೇಲೂ ಇಲ್ಲ. ಆ ‘ಅನಿಸುತ್ತದೆ’ ಅನ್ನುವ ಮಾತಿನ ಮೇಲಿದೆ. ಯಾರಿಗೆ ಅನಿಸುತ್ತದೆ? ನನ್ನನ್ನಂತೂ ಯಾರೂ ಕೇಳಲಿಲ್ಲ.

ಈ ಪ್ರಶ್ನೆ ಹಿಡಿದು ನಾನು ಹಿಂದೊಂದು ಚಳಿಗಾಲವನ್ನೇ ಕಳೆದಿದ್ದೇನೆ. ಆ ಓದಿನಿಂದ ಓಟಕ್ಕೆ ಚೂರೂ ಉಪಯೋಗವಾಗಲಿಲ್ಲ. ಆದರೂ ಹೇಳುತ್ತೇನೆ, ಹೇಗೂ ಜಿಪ್ ಎಳೆಯುವ ಹಾಗಿಲ್ಲ. 1928ರಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕಕ್ಕೆ ಅನ್ವೇಷಣಾ ಯಾತ್ರೆ ಹೊರಟಾಗ ಸ್ಕೌಟ್ ಹುಡುಗನೊಬ್ಬನನ್ನು ಆರಿಸಿ ಕರೆದುಕೊಂಡು ಹೋದ. ಹುಡುಗನ ಹೆಸರು ಪಾಲ್ ಸೈಪಲ್, ವಯಸ್ಸು 19. ಬೇರೆಯವರಾಗಿದ್ದರೆ ಒಂದು ಸಲ ಹೋಗಿ ಬಂದು, ಜನ್ಮವಿಡೀ ಅದೇ ಕಥೆ ಹೇಳಿಕೊಂಡು ಬೆಚ್ಚಗಿರುತ್ತಿದ್ದರು. ಇವನು ಮತ್ತೆ ಮತ್ತೆ ಹೋದ. ಚಳಿಯ ಬಗ್ಗೆಯೇ ಡಾಕ್ಟರೇಟ್ ಮಾಡಿದ. ಗಾಳಿ ಬೀಸಿದಾಗ ಹೆಚ್ಚುವ ಚಳಿಗೆ ‘ವಿಂಡ್ ಚಿಲ್’ ಅಂತ ಹೆಸರಿಟ್ಟವನು ಇವನೇ, 1939ರಲ್ಲಿ. ಆಮೇಲೆ ಚಾರ್ಲ್ಸ್ ಪ್ಯಾಸೆಲ್ ಎಂಬ ಜೊತೆಗಾರನನ್ನು ಕೂಡಿಕೊಂಡು ಅಂಟಾರ್ಕ್ಟಿಕದ ಕತ್ತಲ ತಿಂಗಳುಗಳಲ್ಲಿ ಒಂದು ಪ್ರಯೋಗ ನಡೆಸಿದ. ಪ್ಲಾಸ್ಟಿಕ್ ಸಿಲಿಂಡರೊಂದರಲ್ಲಿ 250 ಗ್ರಾಂ ನೀರು ತುಂಬಿ, ಅದನ್ನು ಬಿಡಾರದ ಮೇಲಿನ ಕಂಬಕ್ಕೆ ನೇತುಹಾಕಿದರು. ಗಾಳಿಯ ವೇಗ ಬರೆದುಕೊಂಡರು, ಉಷ್ಣಾಂಶ ಬರೆದುಕೊಂಡರು, ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತಾಯಿತು ಅಂತ ಬರೆದುಕೊಂಡರು. ಮತ್ತೆ ನೀರು, ಮತ್ತೆ ನೇತುಹಾಕುವುದು, ಮತ್ತೆ ಬರೆಯುವುದು.

ನನಗೆ ಆ ಇಬ್ಬರ ಮೇಲೆ ಬಹಳ ಪ್ರೀತಿ. ಪ್ರಪಂಚದ ಇನ್ನೊಂದು ತುದಿಯಲ್ಲಿ ಯುದ್ಧ ನಡೆಯುತ್ತಿದೆ. ಇವರು ಭೂಮಿಯ ಬುಡದಲ್ಲಿ ಕೂತು, ಗಡಿಯಾರ ನೋಡಿಕೊಂಡು ನೀರು ಗಟ್ಟಿಯಾಗುವುದನ್ನು ಕಾಯುತ್ತಿದ್ದಾರೆ. ಗಟ್ಟಿಯಾಯಿತಾ ಅಂತ ನೋಡಲು ಹೊರಗೆ ಹೋಗುವ ಸರದಿ ಇವತ್ತು ಯಾರದ್ದು ಅನ್ನುವ ಜಗಳ ಅವರಲ್ಲೂ ಆಗಿರಲೇಬೇಕು ಅಂತ ನನ್ನ ಊಹೆ. ಹೋಗುವ ಮೊದಲು ಕೋಟು ಯಾವುದು, ಟೋಪಿ ಯಾವುದು ಅಂತ ಬಾಗಿಲಲ್ಲಿ ನಿಂತಿರಲೂಬೇಕು. ಆ ಸಿಲಿಂಡರಿಗೆ ಮಾತ್ರ ಇಂಥ ಯಾವ ತಾಪತ್ರಯವೂ ಇರಲಿಲ್ಲ. ಅದು ಬೆವರಲಿಲ್ಲ, ನಡುಗಲಿಲ್ಲ, ಅದಕ್ಕೆ ಮೂಗೂ ಸೋರಲಿಲ್ಲ. ಗಂಟುಬಿದ್ದ ಹಗ್ಗಕ್ಕೆ ಜೋತು ಬಿದ್ದು ಗಟ್ಟಿಯಾಗುವುದೊಂದೇ ಅದರ ಕೆಲಸ. ದಶಕಗಳ ಕಾಲ ಹವಾಮಾನ ಇಲಾಖೆಗಳು ಮನುಷ್ಯರಿಗೆ ಹೇಳಿದ ಗಾಳಿಚಳಿಯ ಬೇರು ಆ ಸಿಲಿಂಡರಿನ ಅನುಭವದಲ್ಲಿತ್ತು.

ಸಿಲಿಂಡರಿಗೂ ಮನುಷ್ಯನಿಗೂ ವ್ಯತ್ಯಾಸವಿದೆ ಅಂತ ಕೊನೆಗೆ ಒಪ್ಪಿಕೊಂಡು, 2001ರಲ್ಲಿ ಅಮೆರಿಕ ಮತ್ತು ಕೆನಡಾ ಸೂತ್ರ ಬದಲಿಸಿದವು. ಈ ಸಲ ಟೊರಾಂಟೊದಲ್ಲಿ ನಿಜವಾದ ಮನುಷ್ಯರನ್ನೇ ಹಿಡಿದರು. ಆರು ಗಂಡಸರು, ಆರು ಹೆಂಗಸರು, ಒಟ್ಟು 12 ಜನ. ಮುಖಕ್ಕೆ ಸೆನ್ಸರ್ ಅಂಟಿಸಿ, ಟ್ರೆಡ್‌ಮಿಲ್ ಮೇಲೆ ಹತ್ತಿಸಿ, ಎದುರಿನಿಂದ ತಣ್ಣನೆಯ ಗಾಳಿ ಬಿಟ್ಟರು. ಭೇಷ್ ಅಂದುಕೊಂಡು ಓದುತ್ತಾ ಹೋದೆ. ಕೊನೆಗೆ ನೋಡಿದರೆ ಅವರು ನಡೆಯುತ್ತಿದ್ದರು! ಗಂಟೆಗೆ 4.8 ಕಿಲೋಮೀಟರ್ ವೇಗದ ಲೆಕ್ಕ. ಅಂದರೆ ಫೋನಿನ ಆ ಮೈನಸ್ 1 ಅನಿಸಿದ್ದು, ಸಂಜೆ ವಾಕಿಂಗ್ ಹೊರಟಂತೆ ನಿಧಾನವಾಗಿ ಗಾಳಿಗೆ ಮುಖ ಕೊಟ್ಟು ಹೋಗುವ ಯಾರದೋ ಕೆನ್ನೆಗೆ. ನಾನು ಓಡುವವನು. ನನಗೆ ಕೆನ್ನೆಯ ಹೊರತಾಗಿ ಬೆನ್ನು, ಎದೆ, ಕೈಬೆರಳು ಎಲ್ಲ ಇವೆ. ನನ್ನ ವಿಷಯ ಯಾರೂ ಕೇಳಲಿಲ್ಲ ಅಂತ ಮೊದಲೇ ಹೇಳಿದೆನಲ್ಲ.

ಓಡುವವನ ಗಾಳಿಯೇ ಬೇರೆ. ಎಲೆ ಅಲ್ಲಾಡದ ದಿನವೂ ಗಂಟೆಗೆ 10 ಕಿಲೋಮೀಟರ್ ಓಡಿದರೆ, ಅಷ್ಟೇ ವೇಗದ ಗಾಳಿಯನ್ನು ನೀವೇ ಹುಟ್ಟಿಸಿಕೊಳ್ಳುತ್ತೀರಿ. ಹೋದ ವರ್ಷ ಗಾಳಿ ಹದಿನೈದರಲ್ಲಿ ಬೀಸುತ್ತಿದ್ದ ಒಂದು ದಿನ, ಬುದ್ಧಿವಂತನ ಹಾಗೆ ಗಾಳಿಗೆ ಬೆನ್ನು ಕೊಟ್ಟು ಹೊರಟೆ. ನನ್ನ ವೇಗ 10, ಗಾಳಿಯದು 15, ಮೈಗೆ ತಾಗಿದ್ದು ಬರೀ 5. ಚಳಿಗಾಲ ಇಷ್ಟೇನಾ ಅನ್ನಿಸಿತು. ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿದೆ. (ಸೊಂಟಕ್ಕೆ ಕಟ್ಟಿದ ಜಾಕೆಟ್ಟಿನ ತೋಳುಗಳು ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತವೆ. ಇದಕ್ಕೆ ಯಾರೂ ಇನ್ನೂ ಪರಿಹಾರ ಹುಡುಕಿಲ್ಲ.) ಚೆನ್ನಾಗಿ ಬೆವರಿದೆ. ಐದು ಕಿಲೋಮೀಟರ್ ಆದ ಮೇಲೆ ಮನೆ ಕಡೆ ತಿರುಗಿದೆ. ಐದು ಇದ್ದದ್ದು ಒಂದೇ ಸಲಕ್ಕೆ 25 ಆಯಿತು. ಒಳಗೆ ಹಾಕಿದ್ದು ಹತ್ತಿ ಬನಿಯನ್. ಹತ್ತಿ ಬೆವರನ್ನು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಒಣ ಬಟ್ಟೆಯ ಎಳೆಗಳ ನಡುವಿನ ಗಾಳಿ ಮೈಯ ಬಿಸಿಯನ್ನು ಕಾಯುತ್ತದೆ. ಆ ಜಾಗಕ್ಕೆ ನೀರು ಬಂದು ಕೂತರೆ ಕಥೆ ಮುಗಿಯಿತು. ನಿಂತ ಗಾಳಿಗಿಂತ ನೀರು ಸುಮಾರು 24 ಪಟ್ಟು ಜೋರಾಗಿ ಬಿಸಿಯನ್ನು ಸಾಗಿಸುತ್ತದೆ. ಅವತ್ತು ನನ್ನ ಹೊಟ್ಟೆಯ ಮೇಲೆ ಒದ್ದೆ ಬಟ್ಟೆಯ ತಣ್ಣನೆ ಪಟ್ಟಿ ಇಟ್ಟುಕೊಂಡೇ ಐದು ಕಿಲೋಮೀಟರ್ ವಾಪಸ್ ಬಂದೆ. ಗಾಳಿಗೆ ಎದುರಾಗಿ ಹೊರಡು, ಬೆನ್ನು ಕೊಟ್ಟು ವಾಪಸ್ ಬಾ ಅಂತ ಹಳಬರು ಹೇಳುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ಇಂಥವೆಲ್ಲ ಯಾವಾಗಲೂ ಆಮೇಲೇ ಗೊತ್ತಾಗುವುದು.

ಈಗ ಹತ್ತಿ ಬಿಟ್ಟಿದ್ದೇನೆ. ಪಾಲಿಯೆಸ್ಟರ್ ಹಾಕುತ್ತೇನೆ. ಅದು ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ, ನಾರುತ್ತದೆ. ಒಗೆದರೂ ನಾರುತ್ತದೆ. ಒಗೆದು ಒಣಗಿಸಿದಾಗ ಪರಮ ಶುದ್ಧವಾಗಿ ಕಾಣುತ್ತದೆ, ಮೈ ಬಿಸಿಯಾದ ಹತ್ತು ನಿಮಿಷಕ್ಕೆ ಹೋದ ವಾರದ ಓಟವೆಲ್ಲ ಅದರೊಳಗಿಂದ ಎದ್ದು ಬರುತ್ತದೆ. ಮೆರಿನೊ ಉಣ್ಣೆಯಾದರೆ ಅಷ್ಟು ನಾರುವುದಿಲ್ಲ, ಒದ್ದೆಯಾದರೂ ಕೊಂಚ ಬಿಸಿ ಉಳಿಸಿಕೊಳ್ಳುತ್ತದೆ. ಆದರೆ ಅದನ್ನು ಒಗೆಯುವಾಗ ಹಸುಗೂಸಿಗೆ ಸ್ನಾನ ಮಾಡಿಸಿದಷ್ಟು ಜೋಪಾನ ಬೇಕು. ನನ್ನದೊಂದು ಅಂಗಿ ಬಿಸಿನೀರಿಗೆ ಬಿದ್ದು ಗೊಂಬೆಗೆ ಹಾಕುವ ಅಳತೆಗೆ ಬಂದಿದೆ.

ಮೇಲಿನ ಜಾಕೆಟ್ಟಿನ ಚೀಟಿಯಲ್ಲಿ ಈ ಬಟ್ಟೆ ಉಸಿರಾಡುತ್ತದೆ ಅಂತ ಬರೆದಿದ್ದಾರೆ. ಅದನ್ನು ಹಾಕಿಕೊಂಡು ಏರು ಹತ್ತುವಾಗ ನಮ್ಮಿಬ್ಬರಲ್ಲಿ ಉಸಿರಾಡುವವನು ನಾನೊಬ್ಬನೇ.

ಟೋಪಿಯ ವಿಷಯಕ್ಕೆ ಬಂದರೆ, ಮೈಯ ಬಿಸಿಯಲ್ಲಿ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತದೆ ಅಂತ ನಾನೂ ಬಹಳ ವರ್ಷ ಎಲ್ಲರಿಗೂ ಉಪದೇಶ ಮಾಡಿದ್ದೆ. 1950ರ ದಶಕದಲ್ಲಿ ಅಮೆರಿಕದ ಸೈನ್ಯ ಜನರಿಗೆ ಮೈತುಂಬ ಚಳಿಯುಡುಪು ತೊಡಿಸಿ, ತಲೆಯನ್ನು ಮಾತ್ರ ಬಿಟ್ಟು ಅಳೆದಿತ್ತು. ಆ ಅಳತೆಯಿಂದ ಹಬ್ಬಿದ ಮಾತಂತೆ ಇದು. ಮಿಕ್ಕದ್ದನ್ನೆಲ್ಲ ಮುಚ್ಚಿದರೆ ಬಿಸಿ ಇನ್ನೆಲ್ಲಿಂದ ಹೋಗಬೇಕು? ಚಡ್ಡಿ ಬಿಟ್ಟು ಅಳೆದಿದ್ದರೆ ಬೇರೆಯದೇ ಗಾದೆ ಹುಟ್ಟುತ್ತಿತ್ತು. ತಲೆಯ ಪಾಲು ಹೆಚ್ಚೆಂದರೆ ಹತ್ತನೇ ಒಂದರಷ್ಟು. ಆದರೂ ನಾನು ಟೋಪಿ ಹಾಕುತ್ತೇನೆ. ಕಿವಿ ನೋವಿಗೆ ಶೇಕಡಾವಾರು ಲೆಕ್ಕ ಅರ್ಥವಾಗುವುದಿಲ್ಲ.

ಇಷ್ಟೆಲ್ಲದರ ನಡುವೆ ಒಂದು ವಸ್ತುವಿನ ಮೇಲೆ ಮಾತ್ರ ನನಗೆ ತಕರಾರಿಲ್ಲ. ಓಟದ ಕೆಲವು ಗ್ಲೌಸ್‌ಗಳಲ್ಲಿ ಹೆಬ್ಬೆರಳಿನ ಹಿಂಬದಿಗೆ ಟವೆಲ್ಲಿನಂಥ ಮೆತ್ತನೆಯ ತುಂಡು ಹೊಲಿದಿರುತ್ತಾರೆ. ಮೊದಮೊದಲು ಅಲಂಕಾರ ಅಂದುಕೊಂಡಿದ್ದೆ. ಮೂರನೇ ದಿನ ಮೂಗು ಸೋರಿ, ಕೈ ತಾನಾಗಿ ಮೇಲೆ ಹೋದಾಗ ಅರ್ಥವಾಯಿತು. ಚಳಿಯಲ್ಲಿ ಓಡಿದರೆ ಎಂಥ ದೊಡ್ಡ ಮನುಷ್ಯನ ಮೂಗೂ ಸೋರುತ್ತದೆ. ಒಳಗೆ ಹೋಗುವ ಒಣಗಾಳಿಗೆ ಮೂಗು ಬಿಸಿಯನ್ನೂ ತೇವವನ್ನೂ ಕೊಡಬೇಕು, ಹಾಗಾಗಿ ಅದು ಮೈಮುರಿದು ದುಡಿಯುತ್ತದೆ, ಹೆಚ್ಚಾದದ್ದು ಹೊರಗೆ ಬರುತ್ತದೆ. ಅದನ್ನು ಮುಂಚೆಯೇ ಊಹಿಸಿ, ಜಂಬವಿಲ್ಲದೆ ಒಂದು ತುಂಡು ಬಟ್ಟೆ ಹೊಲಿದ ಆ ಪುಣ್ಯಾತ್ಮ ಖಂಡಿತ ಓಡುವವನೇ.

ಇನ್ನು, ಚಳಿ ಇರುವ ಕಡೆಯೆಲ್ಲ ಒಬ್ಬ ಚಡ್ಡಿ ಮನುಷ್ಯ ಇರುತ್ತಾನೆ. ನಮ್ಮಲ್ಲೂ ಇದ್ದಾನೆ. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿರುವ ದಿನ ಅವನು ಗಿಡ್ಡ ಚಡ್ಡಿ, ತೋಳಿಲ್ಲದ ಬನಿಯನ್ ಹಾಕಿಕೊಂಡು, ಮೈಯಿಂದ ಹಬೆ ಬಿಡುತ್ತಾ ಎದುರಾಗುತ್ತಾನೆ. ನನ್ನ ಟೋಪಿ, ಕತ್ತುಪಟ್ಟಿ, ಗ್ಲೌಸ್ ಎಲ್ಲವನ್ನೂ ಒಂದು ಸಲ ಕಣ್ಣಲ್ಲೇ ಎಣಿಸಿ, “ಏನ್ ಸಾರ್, ಚಳೀನಾ?” ಅನ್ನುತ್ತಾನೆ. ಆ ‘ಸಾರ್’ ಗೌರವಕ್ಕಂತೂ ಅಂದದ್ದಲ್ಲ. ಅವನಿಗೆ ಒಂದು ದಿನ, ಒಂದೇ ದಿನ, ಸಣ್ಣದಾಗಿ ನೆಗಡಿಯಾಗಲಿ ಅಂತ ನಾನು ಬಯಸಿಲ್ಲ ಅಂದರೆ ಸುಳ್ಳಾಗುತ್ತದೆ.

ನಾರ್ವೆಯವರದ್ದು ಒಂದು ಗಾದೆಯಿದೆ. ಕೆಟ್ಟ ಹವೆ ಅಂತ ಇಲ್ಲವೇ ಇಲ್ಲ, ಕೆಟ್ಟ ಬಟ್ಟೆ ಮಾತ್ರ ಇದೆ ಅಂತ. ಅವರ ಭಾಷೆಯಲ್ಲಿ ಹವೆಗೂ ಬಟ್ಟೆಗೂ ಪ್ರಾಸ ಕೂಡುತ್ತದೆ. ಪ್ರಾಸ ಕೂಡಿದ್ದೆಲ್ಲ ನಿಜವಾಗಬೇಕು ಅಂತೇನಿಲ್ಲ, ಅಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವೂ ಹೇಳುತ್ತೇವೆ. ಆದರೆ ನಾವು ಕುಣಿಯುವವಳನ್ನು ಬೈದು ಅಲ್ಲಿಗೇ ಬಿಡುತ್ತೇವೆ, ಹೊಸ ಗೆಜ್ಜೆ ಕೊಂಡುಕೋ ಅನ್ನುವುದಿಲ್ಲ.

ಅನುಭವದಿಂದ ಕಲಿಯೋಣ ಅಂತ ಒಂದು ಪುಸ್ತಕದಲ್ಲಿ ಬರೆದೂ ಇಟ್ಟಿದ್ದೇನೆ. ಈಗ ಬಾಗಿಲ ದೀಪದಲ್ಲಿ ತೆರೆದು ನೋಡಿದೆ. ‘3 ಡಿಗ್ರಿ. ಎರಡು ಅಂಗಿ, ಜಾಕೆಟ್. ಬೆಂದುಹೋದೆ.’ ಎಂಟು ದಿನದ ಕೆಳಗೆ, ‘3 ಡಿಗ್ರಿ. ಎರಡು ಅಂಗಿ. ಸತ್ತುಹೋದೆ.’ ಎರಡೂ ನನ್ನದೇ ಅಕ್ಷರ.

ಹೊರಗೆ ಬೆಳಕು ಹರಿಯುತ್ತಿದೆ. ದೂರದಲ್ಲಿ ಶೂ ಸದ್ದು ಕೇಳಿತು. ಚಡ್ಡಿ ಮನುಷ್ಯ ಆಗಲೇ ಎರಡನೇ ಸುತ್ತಿನಲ್ಲಿರಬೇಕು. ಜಾಕೆಟ್ಟಿನ ಹೊರಗಿದ್ದ ತೋಳನ್ನು ಒಳಗೆ ಹಾಕಿದೆ. ಜಿಪ್ಪನ್ನು ಎರಡು ಬೆರಳಲ್ಲಿ ಹಿಡಿದು, ಒಂದೊಂದೇ ಹಲ್ಲು ದಾಟಿಸುತ್ತಾ, ಕಳ್ಳನ ಹಾಗೆ ಎದೆಯವರೆಗೆ ತಂದೆ.

“ಹೋದ್ರಾ?” ಅಂತ ಒಳಗಿನಿಂದ ಕೇಳಿತು.

ಉತ್ತರ ಕೊಟ್ಟರೆ ಇನ್ನೂ ಹೋಗಿಲ್ಲ ಅಂತ ಗೊತ್ತಾಗುತ್ತದೆ. ಉಸಿರು ಬಿಗಿಹಿಡಿದು ಹಾಗೇ ನಿಂತೆ. ಜಾಕೆಟ್ಟಿನೊಳಗೆ ಸೆಕೆಯಾಗತೊಡಗಿತು.