ಸೋಗಾನೆ ರನ್‌ವೇ, ಭದ್ರಾವತಿ ಚಿಮಣಿ, ಮತ್ತೆ ನಾನು ದಿನಾ ಓದೋ ಸರ್ಟಿಫಿಕೇಟುಗಳು

ಹೋದ ವರ್ಷ ಸೆಪ್ಟೆಂಬರಲ್ಲಿ ಇಲ್ಲಿ ಅಮೆರಿಕದಲ್ಲಿ ನಮ್ಮದೊಂದು ಏರ್‌ಪೋರ್ಟ್ ಕೆಲಸ ಆರು ವಾರ ನಿಂತೋಯ್ತು. ಕಾರಣ ಕಬ್ಬಿಣದ ಸರಳಿನ ಮೇಲೆ ಬಳಿದಿದ್ದ ಹಸಿರು ಎಪಾಕ್ಸಿ ಕೋಟಿಂಗ್. ಕಾಂಕ್ರೀಟ್ ಚಪ್ಪಡಿಗಳ ಜಾಯಿಂಟಲ್ಲಿ ಹಾಕ್ತಾರಲ್ಲ ಡೋವೆಲ್ ಬಾರ್, ಅದು. ಉಕ್ಕು ಕರಗಿಸಿದ್ದು ಅಮೆರಿಕದಲ್ಲೇ, ರೋಲ್ ಮಾಡಿದ್ದು ಅಮೆರಿಕದಲ್ಲೇ, ಕತ್ತರಿಸಿದ್ದೂ ಇಲ್ಲೇ, ಕೋಟಿಂಗ್ ಮಾತ್ರ ಗಡಿ ದಾಟಿ ಕೆನಡಾದಲ್ಲಿ ಹಾಕಿಸ್ಕೊಂಡು ಬಂದಿದ್ರು. ಸಪ್ಲೈಯರ್ ಕಳಿಸಿದ ಕಾಗದದ ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅದು ಇತ್ತು, ನಾನೇ ಓದಿ ಹಿಡಿದೆ, ಹಿಡಿದ ಮೇಲೆ ಆ ಲಾರಿ ಲೋಡ್ ಪೂರ್ತಿ ವಾಪಸ್. ಚಳಿಗಾಲ ಬಂದ್ರೆ ಈ ಕಡೆ ಕಾಂಕ್ರೀಟ್ ಹಾಕೋಕಾಗಲ್ಲ, ಹಾಗಾಗಿ ಅರ್ಧ ಕೆಲಸ ಈ ವರ್ಷಕ್ಕೆ ಬಂತು. ಸೈಟಲ್ಲಿ ಇದ್ದ ಹುಡುಗರಿಗೆ ಆ ಆರು ವಾರ ಸಂಬಳ ಇಲ್ಲ. ಅದು ಇನ್ನೂ ಮನಸ್ಸಲ್ಲಿ ಕೊರೀತಾ ಇದೆ.

ಊರಿನ ಗೆಳೆಯರು ಕೇಳ್ತಿರ್ತಾರೆ, ಏನಪ್ಪಾ ನಿನ್ನ ಕೆಲಸ ಅಂತ. ಇದೇ ನನ್ನ ಕೆಲಸ. ಸರ್ಕಾರದ ದುಡ್ಡಲ್ಲಿ ಕಟ್ಟೋ ಏರ್‌ಪೋರ್ಟಿಗೆ ಬರೋ ಪ್ರತಿ ಸಾಮಾನೂ ಎಲ್ಲಿ ಹುಟ್ಟಿದ್ದು ಅಂತ ಕಾಗದ ನೋಡೋದು. ಕನ್ನಡದಲ್ಲಿ ಈ ವಿಷಯ ಯಾರೂ ಬರೆದಿದ್ದು ನಾನು ನೋಡಿಲ್ಲ, ನಮ್ಮ ಕರ್ನಾಟಕದಲ್ಲೂ ಈಗ ಊರೂರಿಗೂ ಏರ್‌ಪೋರ್ಟ್ ಬರ್ತಾ ಇದೆ, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಬರೀತೀನಿ.

ಅಮೆರಿಕದಲ್ಲಿ "ಬೈ ಅಮೆರಿಕನ್", ಅಂದ್ರೆ ಅಮೆರಿಕದ ಸಾಮಾನೇ ಕೊಳ್ಳಿ ಅನ್ನೋ ಕಾನೂನು ಹಳೇದು, 1933ರ ಮಾರ್ಚ್ 3, ಹರ್ಬರ್ಟ್ ಹೂವರ್ ಅಧ್ಯಕ್ಷಗಿರಿಯಿಂದ ಇಳಿಯೋ ಹಿಂದಿನ ದಿನ ಸಹಿ ಹಾಕಿದ್ದು. ಆದ್ರೆ ಅದು ಕೇಂದ್ರ ಸರ್ಕಾರ ತಾನೇ ಕೊಳ್ಳೋ ಸಾಮಾನಿಗೆ. ಇಲ್ಲಿ ಹೆಚ್ಚಿನ ಏರ್‌ಪೋರ್ಟ್‌ಗಳು ಕೇಂದ್ರದ್ದಲ್ಲ, ಊರಿನ ಮುನ್ಸಿಪಾಲಿಟಿದೋ ಕೌಂಟಿದೋ ಇರ್ತವೆ, ಕೇಂದ್ರ ಗ್ರಾಂಟ್ ಕೊಡುತ್ತೆ ಅಷ್ಟೆ. ಗ್ರಾಂಟ್ ದುಡ್ಡಿಗೆ ಬೇರೆ ಸೆಕ್ಷನ್ ಇದೆ, 50101 ಅಂತ, ಅದನ್ನ ಎಫ್‌ಎಎ, ಅಂದ್ರೆ ಇಲ್ಲಿನ ಕೇಂದ್ರ ವಿಮಾನಯಾನ ಇಲಾಖೆ ನೋಡ್ಕೊಳ್ಳುತ್ತೆ. ಉಕ್ಕು ಮತ್ತೆ ತಯಾರಿಸಿದ ಸಾಮಾನು ಅಮೆರಿಕದ್ದೇ ಆಗಿರಬೇಕು ಅಂತ ಅದರ ಸಾರಾಂಶ. 2021ರಲ್ಲಿ ದೊಡ್ಡ ಇನ್‌ಫ್ರಾಸ್ಟ್ರಕ್ಚರ್ ಕಾನೂನು ಬಂತು, ಏರ್‌ಪೋರ್ಟು ಮತ್ತೆ ವಿಮಾನ ಸಂಚಾರ ನಿಯಂತ್ರಣಕ್ಕೆ ಅಂತಾನೇ 5 ವರ್ಷಕ್ಕೆ 25 ಬಿಲಿಯನ್ ಡಾಲರ್ ಇಟ್ರು, ಅದರ ಜೊತೆಗೇ ನಿಯಮವೂ ಬಿಗಿ ಆಯ್ತು: ಗಾಜು, ಪಿವಿಸಿ ಪೈಪು, ಮರ, ಡ್ರೈವಾಲ್, ಆಪ್ಟಿಕಲ್ ಫೈಬರ್ ಇವೂ ಸೇರ್ಕೊಂಡ್ವು, ಕಬ್ಬಿಣಕ್ಕೆ ಅಂತೂ ಮೊದಲ ಸಲ ಕರಗಿಸೋದ್ರಿಂದ ಹಿಡಿದು ಮೇಲಿನ ಕೋಟಿಂಗ್ ತನಕ ಎಲ್ಲಾ ಇಲ್ಲೇ ಆಗಬೇಕು ಅಂತ. ನಮ್ಮ ಹಸಿರು ಸರಳು ಸಿಕ್ಕಾಕ್ಕೊಂಡಿದ್ದು ಅಲ್ಲೇ.

ಒಂದು ವಿಚಿತ್ರ ಗೊತ್ತಾ, ರನ್‌ವೇ ಕೆಲಸದಲ್ಲಿ ತೂಕಕ್ಕೆ ಜಾಸ್ತಿ ಇರೋದು ಸಿಮೆಂಟು, ಜಲ್ಲಿ, ಮರಳು, ಡಾಂಬರು. ಕಟ್ಟಡ ಸಾಮಗ್ರಿಗೆ ಹೊಸದಾಗಿ ಬಂದ ನಿಯಮದಿಂದ ಸಿಮೆಂಟು, ಜಲ್ಲಿ, ಮರಳು, ಅವನ್ನ ಹಿಡಿದಿಡೋ ಅಂಟು, ಇಷ್ಟನ್ನೂ ಹೊರಗಿಟ್ಟಿದ್ದಾರೆ. ಹಾಗಾಗಿ ಗುದ್ದಾಟ ಎಲ್ಲಾ ಸಣ್ಣ ಸಾಮಾನಿನ ಮೇಲೆ. ರನ್‌ವೇ ಅಂಚಿನ ಲೈಟು, ಅದರ ಕೆಳಗೆ ಕೂರೋ ಟ್ರಾನ್ಸ್‌ಫಾರ್ಮರು, ಕೇಬಲ್ಲು, ದೀಪಕ್ಕೆ ಕರೆಂಟ್ ಒಂದೇ ಸಮ ಕೊಡೋ ರೆಗ್ಯುಲೇಟರು. ಇವುಗಳಲ್ಲಿ ಮೊದಲೇ ಪಾಸಾದವುದ್ದು ಎಫ್‌ಎಎ ಒಂದು ಪಟ್ಟಿ ಇಟ್ಟಿದೆ, ಪಟ್ಟಿಲಿ ಇದ್ರೆ ಚಿಂತೆ ಇಲ್ಲ. ಇಲ್ಲದಿದ್ರೆ ವೇವರ್, ಅಂದ್ರೆ ವಿನಾಯಿತಿ ಕೇಳಬೇಕು.

ವಿನಾಯಿತಿಗೆ ದಾರಿ ನಾಲ್ಕಿದೆ. ಸಾರ್ವಜನಿಕ ಹಿತ ಅನ್ನೋದೊಂದು, ಅದು ಸಿಗೋದು ಕಷ್ಟ. ದೇಶದಲ್ಲಿ ಸಾಕಷ್ಟು ಪ್ರಮಾಣದಲ್ಲೋ ಗುಣಮಟ್ಟದಲ್ಲೋ ಸಿಗಲ್ಲ ಅನ್ನೋದು ಇನ್ನೊಂದು. ಉಳಿದ ಎರಡರ ಬಗ್ಗೆ ನನಗೆ ಹೇಳೋದಿದೆ.

ದೇಶೀ ಸಾಮಾನು ಹಾಕಿದ್ರೆ ಖರ್ಚು ಶೇ 25ಕ್ಕಿಂತ ಜಾಸ್ತಿ ಏರುತ್ತೆ ಅಂದ್ರೆ ವಿನಾಯಿತಿ ಕೊಡಬಹುದು. ಕೇಳೋಕೆ ಉದಾರವಾಗಿದೆ. ಆದ್ರೆ ಆ 25 ಇರೋದು ಆ ಸಾಮಾನಿನ ಬೆಲೆಗಲ್ಲ, ಇಡೀ ಪ್ರಾಜೆಕ್ಟಿನ ಖರ್ಚಿಗೆ. ಲೆಕ್ಕ ಹಾಕಿ ನೋಡಿ: 30 ಲಕ್ಷ ಡಾಲರಿನ ಕೆಲಸ, ಅದರಲ್ಲಿ ಒಂದು ಉಪಕರಣ ಹೊರದೇಶದ್ದು 50 ಸಾವಿರ, ದೇಶೀದು ಒಂದೂವರೆ ಲಕ್ಷ. ಮೂರು ಪಟ್ಟು ಬೆಲೆ, ಆದ್ರೂ ಇಡೀ ಕೆಲಸಕ್ಕೆ ಏರಿಕೆ ಬರೀ ಶೇ 3 ಚಿಲ್ಲರೆ. ವಿನಾಯಿತಿ ಇಲ್ಲ. ದೇಶದಲ್ಲಿ ತಯಾರು ಮಾಡೋನು ಒಬ್ಬನೇ ಇದ್ದಾಗ ಅವನಿಗೂ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತೆ. ದೊಡ್ಡ ಏರ್‌ಪೋರ್ಟಿಗೆ ಇದು ನುಂಗ್ಕೊಳ್ಳೋ ಮಾತು, ದಿನಕ್ಕೆ ನಾಲ್ಕು ವಿಮಾನ ಇಳಿಯೋ ಊರಿಗೆ ಅದೇ ದುಡ್ಡಲ್ಲಿ ಟ್ಯಾಕ್ಸಿವೇ, ಅಂದ್ರೆ ವಿಮಾನ ರನ್‌ವೇಗೆ ಹೋಗಿ ಬರೋ ದಾರಿ, ರಿಪೇರಿ ಆಗ್ತಿತ್ತು.

ಇನ್ನೊಂದು, ಉಪಕರಣದ ಬಿಡಿಭಾಗಗಳ ವೆಚ್ಚದಲ್ಲಿ ಶೇ 60ಕ್ಕಿಂತ ಜಾಸ್ತಿ ಅಮೆರಿಕದ್ದಾಗಿದ್ದು, ಕೊನೇ ಜೋಡಣೆ ಇಲ್ಲೇ ಆಗಿದ್ರೆ ಸಾಕು ಅಂತ. ಇದರಲ್ಲಿ ಒಂದು ಸಾಲು ಓದಿದಾಗೆಲ್ಲ ನನಗೆ ಅಪ್ಪ ನೆನಪಾಗ್ತಾರೆ. ಕೊನೇ ಜೋಡಣೆಯ ಕೂಲಿ ಆ 60ರ ಲೆಕ್ಕದಲ್ಲಿ ಸೇರಲ್ಲ. ಕಾರ್ಮಿಕರಿಗೋಸ್ಕರ ಅಂತ ಮಾಡಿದ ಕಾನೂನಲ್ಲಿ ಕಾರ್ಮಿಕರ ಕೈಕೆಲಸದ ಬೆಲೆ ಸೊನ್ನೆ. ಯಾಕೆ ಹೀಗೆ ಮಾಡಿದಾರೆ ಅಂತ ನನಗೆ ಅರ್ಥ ಆಗುತ್ತೆ, ಕೂಲಿನೂ ಸೇರಿಸಿದ್ರೆ ಎಲ್ಲಾ ಬಿಡಿಭಾಗ ಹೊರಗಿಂದ ತಂದು ಇಲ್ಲಿ ನಾಲ್ಕು ಸ್ಕ್ರೂ ತಿರುಗಿಸಿ ದೇಶೀ ಅಂತ ಅಚ್ಚು ಒತ್ತೋರು ಹುಟ್ಕೋತಾರೆ. ಆದ್ರೂ ಎರಡು ದಿನ ಕೂತು ಒಂದೊಂದು ರೆಗ್ಯುಲೇಟರ್ ವೈರಿಂಗ್ ಮಾಡೋ ಹೆಣ್ಮಕ್ಕಳನ್ನ ನಾನು ಫ್ಯಾಕ್ಟರಿಗೆ ಹೋಗಿ ನೋಡಿದೀನಿ, ಅವರ ಕೆಲಸ ಲೆಕ್ಕಕ್ಕಿಲ್ಲ ಅನ್ನೋದು ನನಗೆ ಒಪ್ಪಿಗೆ ಆಗಲ್ಲ.

ನಮ್ಮಪ್ಪ ಭದ್ರಾವತಿ ವಿಐಎಸ್‌ಎಲ್‌ನಲ್ಲಿದ್ರು, ಅಂದ್ರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಫ್ಯಾಕ್ಟರಿಲಿ. ನಾನು ಹುಟ್ಟಿ ಬೆಳೆದಿದ್ದೇ ಫ್ಯಾಕ್ಟರಿ ಸೈರನ್ ಕೇಳ್ಕೊಂಡು. 2023ರ ಜನವರಿಲಿ ಅದರ ಒಡೆತನದ ಕೇಂದ್ರ ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಆಡಳಿತ ಮಂಡಳಿ ಫ್ಯಾಕ್ಟರಿ ಮುಚ್ಚೋ ತೀರ್ಮಾನ ತಗೊಳ್ತು, ಮರು ತಿಂಗಳು 27ಕ್ಕೆ ಪಕ್ಕದ ಸೋಗಾನೆಯಲ್ಲಿ ಶಿವಮೊಗ್ಗ ಏರ್‌ಪೋರ್ಟ್ ಉದ್ಘಾಟನೆ ಆಯ್ತು. ಸುಮಾರು 450 ಕೋಟಿ ಖರ್ಚು, 3.2 ಕಿಲೋಮೀಟರ್ ರನ್‌ವೇ. ಅವತ್ತು ಅಪ್ಪನಿಗೆ ಫೋನ್ ಮಾಡಿದ್ರೆ ಅವರು ಕೇಳಿದ್ದು ಒಂದೇ ಮಾತು, "ಅಲ್ಲಿಗೆ ಕಬ್ಬಿಣ ಎಲ್ಲಿಂದ ಬಂತಂತೆ ಮಗಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ನ್ಯಾಯವಾಗಿ ಹೇಳಬೇಕು ಅಂದ್ರೆ ಭದ್ರಾವತಿಲಿ ಮಾಡ್ತಿದ್ದಿದ್ದು ಮಿಶ್ರಲೋಹದ ವಿಶೇಷ ಉಕ್ಕು, ಟರ್ಮಿನಲ್ ಪಿಲ್ಲರಿಗೆ ಹಾಕೋ ಟಿಎಂಟಿ ಸರಳಲ್ಲ, ಹಾಗಾಗಿ ದೇಶೀ ಸಾಮಾನಿಗೆ ಆದ್ಯತೆ ಕೊಡೋ ನಿಯಮ ಎಷ್ಟೇ ಗಟ್ಟಿ ಇದ್ರೂ ಆ ಏರ್‌ಪೋರ್ಟು ಈ ಫ್ಯಾಕ್ಟರಿನ ಉಳಿಸ್ತಿರ್ಲಿಲ್ಲ. ಇದನ್ನ ಅಪ್ಪನಿಗೆ ಹೇಳಿದೆ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದ್ರೂ ಆ ಪ್ರಶ್ನೆ ಕೇಳೋ ಹಕ್ಕು ಅವರಿಗಿದೆ, ಉತ್ತರ ಎಲ್ಲಾದ್ರೂ ಒಂದು ಕಡೆ ಬರೆದಿಟ್ಟಿರಬೇಕು ಅನ್ನೋದೇ ನನ್ನ ವಾದ.

ನಮ್ಮಲ್ಲೂ ನಿಯಮ ಇದೆ. 2017ರ ಜೂನ್ 15ಕ್ಕೆ ಬಂದ ಮೇಕ್ ಇನ್ ಇಂಡಿಯಾ ಖರೀದಿ ಆದೇಶ, 2020ರ ಸೆಪ್ಟೆಂಬರಲ್ಲಿ ತಿದ್ದಿದ್ದು. ಸ್ಥಳೀಯ ಅಂಶ ಶೇ 50 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಒಂದನೇ ದರ್ಜೆ ಸ್ಥಳೀಯ ಸರಬರಾಜುದಾರ, 20ರಿಂದ 50ರೊಳಗೆ ಎರಡನೇ ದರ್ಜೆ. ಕೇಂದ್ರದ ಇಲಾಖೆಗಳಿಗೆ, ಏರ್‌ಪೋರ್ಟ್ ಅಥಾರಿಟಿಗೆ, ಕೇಂದ್ರದ ದುಡ್ಡು ಪೂರ್ತಿನೋ ಭಾಗಶಃನೋ ಇರೋ ರಾಜ್ಯದ ಯೋಜನೆಗಳಿಗೆ ಅನ್ವಯ. ಲೆಕ್ಕದ ರೀತಿ ಅಮೆರಿಕದ್ದಕ್ಕೆ ಉಲ್ಟಾ: ಒಟ್ಟು ಬೆಲೆಲಿ ತೆರಿಗೆ ತೆಗೆದು, ಆಮದು ಮಾಡಿದ್ದನ್ನ ಕಳೆದ್ರೆ ಉಳಿದಿದ್ದೆಲ್ಲಾ ಸ್ಥಳೀಯ. ಅಂದ್ರೆ ಕೂಲಿನೂ ಸೇರುತ್ತೆ, ಅದು ಸಂತೋಷ, ಆದ್ರೆ ಮಾರೋನ ಲಾಭನೂ ಸೇರುತ್ತೆ. ಲಾಭ ಜಾಸ್ತಿ ಇಟ್ಟಷ್ಟೂ ಸಾಮಾನು ಸ್ವದೇಶಿ ಆಗ್ತಾ ಹೋಗೋದು ನನಗೆ ಸರಿ ಕಾಣಲ್ಲ. ಬಿಡ್ ಹಾಕೋವಾಗ ಸರಬರಾಜುದಾರನೇ ಬರೆದುಕೊಡೋ ಘೋಷಣೆ ಸಾಕು, 10 ಕೋಟಿ ಮೇಲಿದ್ರೆ ಆಡಿಟರ್ ಸರ್ಟಿಫಿಕೇಟ್ ಬೇಕು.

ವಿನಾಯಿತಿನೂ ಇದೆ. ಸಚಿವರ ಒಪ್ಪಿಗೆ ತಗೊಂಡು, ಕಾರಣ ಲಿಖಿತವಾಗಿ ದಾಖಲಿಸಿ, ಇಲಾಖೆ ಯಾವುದೇ ಸಾಮಾನನ್ನ ಆದೇಶದಿಂದ ಹೊರಗಿಡಬಹುದು. ಅದರ ಪ್ರತಿ ಈ ಆದೇಶದ ಜಾರಿ ನೋಡ್ಕೊಳ್ಳೋ ಸ್ಥಾಯಿ ಸಮಿತಿಗೆ ಹೋಗಬೇಕು, ಆ ಸಾಮಾನಿನ ಹೊಣೆ ಇರೋ ನೋಡಲ್ ಸಚಿವಾಲಯಕ್ಕೆ ಹೋಗಬೇಕು. ಜನರಿಗೆ ಹೋಗಬೇಕು ಅಂತ ಆ ಆದೇಶದಲ್ಲಿ ಬರೆದಿಲ್ಲ. ನನ್ನ ತಕರಾರೆಲ್ಲಾ ಇಲ್ಲೇ. ಅಮೆರಿಕದ 2021ರ ಕಾನೂನು ಪ್ರಕಾರ ವಿನಾಯಿತಿ ಕೊಡೋಕೆ ಮುಂಚೆ ಅದನ್ನ ಕಾರಣ ಸಮೇತ ವೆಬ್‌ಸೈಟಿಗೆ ಹಾಕಿ ಕನಿಷ್ಠ 15 ದಿನ ಜನರ ಅಭಿಪ್ರಾಯ ಕೇಳಬೇಕು. ಆ 15 ದಿನದಲ್ಲಿ ಯಾವುದೋ ಮೂಲೆಲಿರೋ ಸಣ್ಣ ಫ್ಯಾಕ್ಟರಿಯೋನು "ಸ್ವಾಮಿ, ಇದು ನಮ್ಮಲ್ಲೇ ಆಗುತ್ತೆ" ಅಂತ ಕೈ ಎತ್ತಬಹುದು. ಮುಚ್ಚಿದ ಫೈಲಿನಲ್ಲಿ ಅವನಿಗೆ ಕೈ ಎತ್ತೋ ಜಾಗನೇ ಇಲ್ಲ.

ಇಲ್ಲಿ ಕಂಟ್ರಾಕ್ಟರುಗಳಿಗೆ ವೇವರ್ ಅಂದ್ರೆ ಅವಮಾನ ಅನ್ನೋ ಹಾಗೆ ಆಗಿದೆ, ಕೇಳಿದ್ರೆ ತಡ ಆಗುತ್ತೆ, ಹೆಸರು ಕೆಡುತ್ತೆ ಅಂತ, ಅದಕ್ಕೆ ಶೇಕಡಾವಾರು ಲೆಕ್ಕನ ಎಳೆದಾಡಿ 60 ದಾಟಿಸೋಕೆ ನೋಡ್ತಾರೆ, ಕೊನೇ ಗಳಿಗೇಲಿ ನಮ್ಮ ಹಸಿರು ಸರಳಿನ ತರ ಸಿಕ್ಕಾಕ್ಕೋತಾರೆ. ಯಾವ ಸಾಮಾನು ದೇಶದಲ್ಲಿ ಸಿಗಲ್ಲ ಅನ್ನೋದು ಡ್ರಾಯಿಂಗ್ ಹಾಕೋವಾಗಲೇ ಗೊತ್ತಾಗೋ ವಿಷಯ. ಅವಾಗಲೇ ಕೇಳಿದ್ರೆ ಸೈಟಲ್ಲಿ ಯಾರೂ ಸಂಬಳ ಕಳ್ಕೊಳ್ಳಲ್ಲ.

ವಿಜಯಪುರ, ಹಾಸನ, ರಾಯಚೂರು ಕಡೆ ಸ್ನೇಹಿತರೇ, ನಿಮ್ಮೂರ ಏರ್‌ಪೋರ್ಟ್ ಕೆಲಸದಲ್ಲಿ ಕೇಂದ್ರದ ದುಡ್ಡು ಎಷ್ಟಿದೆ, ಸ್ಥಳೀಯ ಅಂಶದ ಸರ್ಟಿಫಿಕೇಟ್ ಯಾರು ಕೊಟ್ಟಿದ್ದಾರೆ, ವಿನಾಯಿತಿ ಕೊಟ್ಟ ಆದೇಶ ಏನಾದ್ರೂ ಇದ್ರೆ ಅದರ ಪ್ರತಿ ಕೊಡಿ ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ. ಬಂದ ಕಾಗದ ಅರ್ಥ ಆಗದಿದ್ರೆ ಫೋಟೋ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ಎಷ್ಟು ಪುಟ ಇದ್ರೂ ಪರವಾಗಿಲ್ಲ, ಕೂತು ಓದಿ ಹೇಳ್ತೀನಿ. ಅಪ್ಪನೂ ಕಾಯ್ತಾ ಇದಾರೆ.